ಬಿಸಿನೆಸ್ ಬ್ರಾಡ್‌ಬ್ಯಾಂಡ್ ನಿಲ್ಲಿಸುತ್ತೇವೆ ಎಂಬ ನೋಟಿಸ್ ಬಂತೇ? ತುಮಕೂರಿನ ಅಂಗಡಿ, ಆಫೀಸು, ಕಾರ್ಖಾನೆಯವರು ಮಾಡಬೇಕಾದ ಕೆಲಸ

ಇಂಥ ನೋಟಿಸ್ ಬಂದ ಕೂಡಲೇ ಹೆಚ್ಚಿನವರು ಇನ್ನೊಂದು ಕಂಪನಿಗೆ ಫೋನ್ ಮಾಡಿ ಹೊಸ ಲೈನ್ ಎಳೆಸಿಕೊಳ್ಳುತ್ತಾರೆ. ಎಂ.ಜಿ. ರಸ್ತೆಯಲ್ಲೋ ಎಸ್.ಎಸ್. ಪುರಂನಲ್ಲೋ ಇದ್ದರೆ ಅದೇನೂ ಕಷ್ಟದ ಕೆಲಸವಲ್ಲ. ಕಷ್ಟ ಶುರುವಾಗುವುದು ಹಳೆ ಲೈನ್ ಬಂದ್ ಆದ ಬೆಳಿಗ್ಗೆ. ಬ್ಯಾಂಕಿಗೆ ಪೇಮೆಂಟ್ ಫೈಲ್ ಹೋಗುವುದಿಲ್ಲ, ಗೋಡೌನಿನ ಕ್ಯಾಮೆರಾ ಮೊಬೈಲಿನಲ್ಲಿ ತೆರೆಯುವುದಿಲ್ಲ, ಜಿಎಸ್‌ಟಿ ಪೋರ್ಟಲಿನ ಮೇಲ್ ಸತ್ತ ಐಡಿಗೆ ಹೋಗುತ್ತಿರುತ್ತದೆ. ನೆಟ್ ಇರುತ್ತದೆ, ಕೆಲಸ ನಡೆಯುವುದಿಲ್ಲ.

ಲೈನನ್ನು ಯಾರಿಂದ ಬೇಕಾದರೂ ತೆಗೆದುಕೊಳ್ಳಬಹುದು. ಆದರೆ ಹಳೆ ಲೈನಿನ ಜೊತೆ ಬಂದ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಿಮ್ಮ ಲೈನನ್ನು ಗುರುತಿಸುವ ಸಂಖ್ಯೆ), ಮೇಲ್ ಐಡಿ, ಫೋನ್ ನಂಬರು, ರೌಟರ್ ಇವೆಲ್ಲ ಕಂಪನಿಯವು. ನೋಟಿಸಿನ ಅವಧಿ ಇರುವುದೇ ಇವುಗಳಿಂದ ನಿಮ್ಮ ವ್ಯವಹಾರವನ್ನು ಬಿಡಿಸಿ ನಿಮ್ಮ ಸ್ವಂತದ್ದಕ್ಕೆ ಕಟ್ಟಿಕೊಳ್ಳಲು. ಈ ಬಾರಿ ಸರಿಯಾಗಿ ಮಾಡಿಕೊಂಡರೆ ಮುಂದಿನ ಕಂಪನಿ ಕೈಕೊಟ್ಟಾಗ ಬದಲಾಯಿಸಬೇಕಾದ್ದು ಒಂದು ವೈರ್ ಮಾತ್ರ.

ನೋಟಿಸ್ ನಿಜವೇ, ಯಾವ ಥರದ್ದು?

"ಎರಡು ಗಂಟೆಯಲ್ಲಿ ನಿಮ್ಮ ಕನೆಕ್ಷನ್ ಕಟ್ ಆಗುತ್ತದೆ, 9 ಒತ್ತಿ" ಎಂದು ಬರುವ ಕರೆ ಮೋಸದ್ದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಆಗಲಿ, ದೂರಸಂಪರ್ಕ ಇಲಾಖೆಯಾಗಲಿ ಹೀಗೆ ಗ್ರಾಹಕರಿಗೆ ಕರೆ ಮಾಡಿ ಲೈನ್ ಕಟ್ ಮಾಡುವುದಿಲ್ಲ. ಅಂಥ ಕರೆಯನ್ನು ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನ ಚಕ್ಷು ವಿಭಾಗದಲ್ಲಿ ದಾಖಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಜವಾದ ನೋಟಿಸಿನಲ್ಲಿ ನಿಮ್ಮ ಖಾತೆ ಸಂಖ್ಯೆ, ಸೇವೆ ನಿಲ್ಲುವ ತಾರೀಕು ಎರಡೂ ಇರುತ್ತವೆ. ನೋಟಿಸಿನಲ್ಲಿರುವ ನಂಬರಿಗಲ್ಲ, ಹಳೆ ಬಿಲ್ಲಿನ ಮೇಲಿರುವ ಕಸ್ಟಮರ್ ಕೇರ್ ನಂಬರಿಗೆ ಕರೆ ಮಾಡಿ ಖಚಿತ ಮಾಡಿಕೊಳ್ಳಿ. ಉತ್ತರವನ್ನು ಮೇಲ್‌ನಲ್ಲೇ ಕೇಳಿ. ಬಾಯಿಮಾತಿನ ಭರವಸೆ ಮುಂದೆ ಠೇವಣಿ ಕೇಳುವಾಗ ಉಪಯೋಗಕ್ಕೆ ಬರುವುದಿಲ್ಲ.

"ಸೇವೆ ನಿಲ್ಲುತ್ತದೆ" ಎಂಬ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿ ಇರಬಹುದು. ಒಂದು, ತಾಮ್ರದ ಲೈನ್ ತೆಗೆದು ಅದೇ ಕಂಪನಿ ಫೈಬರ್ ಕೊಡುವುದು. ಬಿಎಸ್‌ಎನ್‌ಎಲ್ ಹಳೆ ತಾಮ್ರದ ಬ್ರಾಡ್‌ಬ್ಯಾಂಡ್ ಗ್ರಾಹಕರನ್ನು ಹೀಗೆಯೇ ಭಾರತ್ ಫೈಬರ್‌ಗೆ ಸಾಗಿಸುತ್ತಿದೆ. ಅಲ್ಲಿ 0816ರ ಹಳೆ ನಂಬರನ್ನೇ ಫೈಬರಿನ ಮೇಲೂ ಉಳಿಸಿಕೊಳ್ಳಬಹುದು, ಅರ್ಜಿಯಲ್ಲಿ ಅದನ್ನು ಬರೆಯಬೇಕು ಅಷ್ಟೆ. ಎರಡು, ಬಿಸಿನೆಸ್ ಪ್ಲಾನ್ ಮಾತ್ರ ರದ್ದಾಗಿ ನಿಮ್ಮನ್ನು ಮನೆಯ ಪ್ಲಾನಿಗೆ ಹಾಕುವುದು. ಇದು ನೋಡಲು ಸುಲಭದ್ದು. ವೈರ್ ಅದೇ, ಡಬ್ಬಿ ಅದೇ, ಬಿಲ್ ಕೂಡ ಕಡಿಮೆಯಾಗಬಹುದು. ಆದರೆ ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ಸದ್ದಿಲ್ಲದೆ ಹೋಗಿರುತ್ತದೆ. ಮೂರು, ಬೀದಿಯ ಕೇಬಲ್ ಆಪರೇಟರ್ ಒಂದು ಕಂಪನಿ ಬಿಟ್ಟು ಇನ್ನೊಂದನ್ನು ಹಿಡಿಯುವುದು. ಆಗ ಕಂಬದಿಂದ ನಿಮ್ಮ ಗೋಡೆವರೆಗಿನ ಫೈಬರ್ ಹಾಗೇ ಉಳಿಯುತ್ತದೆ, ಮೇಲಿನ ಕಂಪನಿ ಮಾತ್ರ ಬದಲಾಗುತ್ತದೆ. ಹೊಸದಾಗಿ ವೈರಿಂಗ್ ಚಾರ್ಜ್ ಕೇಳಿದರೆ ಯಾಕೆಂದು ಕೇಳುವ ಹಕ್ಕು ನಿಮಗಿದೆ. ನಾಲ್ಕು, ಕಂಪನಿಯೇ ಲೈಸೆನ್ಸ್ ಒಪ್ಪಿಸಿ ಹೊರಹೋಗುವುದು. ದೂರಸಂಪರ್ಕ ಇಲಾಖೆಯ ಯೂನಿಫೈಡ್ ಲೈಸೆನ್ಸಿನ ಷರತ್ತಿನಂತೆ, ಹೀಗೆ ಲೈಸೆನ್ಸ್ ಒಪ್ಪಿಸುವವರು ಇಲಾಖೆಗೆ ಕನಿಷ್ಠ 60 ದಿನ, ಪ್ರತಿ ಗ್ರಾಹಕರಿಗೆ 30 ದಿನ ಮುಂಚೆ ತಿಳಿಸಬೇಕು.

ಹಳೆ ಲೈನಿಗೆ ಏನೇನು ಅಂಟಿಕೊಂಡಿದೆ

ಒಂದು ಹಾಳೆ, ಪೆನ್ನು ಹಿಡಿದು ಆಫೀಸ್ ಸುತ್ತಿ ಬನ್ನಿ. ರೌಟರ್ ಪುಟದಲ್ಲಿ ಕಾಣುವ ಸಾಧನಗಳ ಪಟ್ಟಿ ಇದ್ದರೆ ಅದನ್ನೂ ಪ್ರಿಂಟ್ ತೆಗೆದುಕೊಳ್ಳಿ. ಬಯೋಮೆಟ್ರಿಕ್ ಹಾಜರಾತಿ ಯಂತ್ರ, ಕ್ಯಾಮೆರಾದ ಡಿವಿಆರ್ (ದೃಶ್ಯ ದಾಖಲಿಸುವ ಡಬ್ಬಿ), ವೇಬ್ರಿಡ್ಜಿನ ಕಂಪ್ಯೂಟರ್, ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಪ್ರಿಂಟರ್, ವೈರ್ ಹಾಕಿದ ಸ್ವೈಪ್ ಮೆಷಿನ್, ಟ್ಯಾಲಿ ಸರ್ವರ್, ಲಿಫ್ಟ್ ಅಥವಾ ಫೈರ್ ಅಲಾರಂಗೆ ಕೊಟ್ಟ ಫೋನ್ ಲೈನ್ ಇವೆಲ್ಲ ಹಾಳೆಯಲ್ಲಿ ಬರಬೇಕು. ಕೌಂಟರಿನ ಸೌಂಡ್‌ಬಾಕ್ಸ್ ಸಾಮಾನ್ಯವಾಗಿ ತನ್ನದೇ ಸಿಮ್ ಮೇಲೆ ನಡೆಯುತ್ತದೆ, ಅದರ ಚಿಂತೆ ಬೇಡ.

ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ: ಇದು ಹೊರಗಿನಿಂದ ಒಳಗೆ ಬರುವ ಸಂಪರ್ಕ ಕೇಳುತ್ತದೆಯೇ, ಒಳಗಿನಿಂದ ಹೊರಗೆ ಹೋದರೆ ಸಾಕೇ? ಹೊರಗೆ ಹೋದರೆ ಸಾಕು ಎನ್ನುವವು ಯಾವ ಲೈನಿನಲ್ಲೂ ನಡೆಯುತ್ತವೆ. ಒಳಗೆ ಬರಬೇಕಾದವು, ಅಂದರೆ ಊರಾಚೆಯಿಂದ ಡಿವಿಆರ್ ನೋಡುವುದು, ಮನೆಯಿಂದ ಆಫೀಸ್ ಕಂಪ್ಯೂಟರ್ ತೆರೆಯುವುದು, ಬೆಂಗಳೂರಿನ ಬ್ರಾಂಚ್ ಇಲ್ಲಿನ ಸರ್ವರಿಗೆ ಬರುವುದು, ಇವು ಹಳೆ ಐಪಿಯನ್ನು ನಂಬಿಕೊಂಡಿವೆ. ಮೂರನೆಯ ಗುಂಪೊಂದಿದೆ, ಎಲ್ಲರೂ ಮರೆಯುವುದು ಅದನ್ನೇ: ನೀವು ಹೊರಗೆ ಹೋಗುವುದೇ, ಆದರೆ ಆ ಕಡೆಯವರು ನಿಮ್ಮ ಐಪಿ ನೋಡಿ ಬಾಗಿಲು ತೆರೆಯುತ್ತಾರೆ. ಬ್ಯಾಂಕಿನ ಬಲ್ಕ್ ಪೇಮೆಂಟ್, ಇ-ಇನ್ವಾಯ್ಸ್ ಮತ್ತು ಇ-ವೇ ಬಿಲ್ಲಿನ ನೇರ ಎಪಿಐ (ತಂತ್ರಾಂಶದಿಂದ ತಂತ್ರಾಂಶಕ್ಕೆ ಸಂಪರ್ಕ), ದೊಡ್ಡ ಗಿರಾಕಿ ಕಂಪನಿಗಳ ವೆಂಡರ್ ಪೋರ್ಟಲ್ ಇಂಥವು. ಹೊಸ ಐಪಿಯನ್ನು ಅವರ ಪಟ್ಟಿಗೆ ಸೇರಿಸಲು ಲೆಟರ್‌ಹೆಡ್ಡಿನಲ್ಲಿ ಅರ್ಜಿ, ಅಧಿಕೃತ ಸಹಿ, ಎರಡು ಮೂರು ಹಂತದ ಅನುಮತಿ ಬೇಕಾಗುತ್ತದೆ. ಆದ್ದರಿಂದ ಈ ಅರ್ಜಿ ಮೊದಲನೇ ದಿನವೇ ಹೋಗಬೇಕು. ಹಳೆಯದನ್ನು ತೆಗೆಯಬೇಡಿ, ಹೊಸದನ್ನು ಸೇರಿಸಿ ಎಂದೇ ಬರೆಯಿರಿ. ಕೆಲವು ದಿನ ಎರಡೂ ಇರಲಿ.

ಮೇಲ್ ಐಡಿಯ ವಿಷಯಕ್ಕೆ ಬನ್ನಿ. ಇಂಟರ್ನೆಟ್ ಕಂಪನಿಯೇ ಕೊಟ್ಟ ಐಡಿಯನ್ನು ಜಿಎಸ್‌ಟಿ, ಆದಾಯ ತೆರಿಗೆ, ಉದ್ಯಮ್, ಪಿಎಫ್, ಇಎಸ್‌ಐ, ಬ್ಯಾಂಕ್ ಎಲ್ಲ ಕಡೆ ಕೊಟ್ಟವರು ಮಂಡಿಪೇಟೆಯ ಹಳೆ ಸಂಸ್ಥೆಗಳಲ್ಲಿ ಈಗಲೂ ಸಿಗುತ್ತಾರೆ. ಲೈನ್ ಹೋದರೆ ಐಡಿಯೂ ಹೋಗುತ್ತದೆ, ಪಾಸ್‌ವರ್ಡ್ ಮರುಹೊಂದಿಸುವ ಮೇಲ್ ಸಿಗುವುದೇ ಇಲ್ಲ. ಸ್ವಂತ ಡೊಮೇನ್ ಒಂದನ್ನು ವ್ಯವಹಾರದ ಹೆಸರಲ್ಲಿ ಕೊಂಡುಕೊಳ್ಳಿ, ಮೇಲ್ ಸೇವೆ ಬೇರೆ ಕಡೆ ಇಟ್ಟುಕೊಳ್ಳಿ. ಹಳೆ ಐಡಿ ಬದುಕಿರುವಾಗಲೇ ಒಂದೊಂದು ಪೋರ್ಟಲಿಗೂ ಲಾಗಿನ್ ಆಗಿ ಹೊಸ ಐಡಿ ಹಾಕಿ. ಜಿಎಸ್‌ಟಿಯಲ್ಲಿ ಇದು ನಾನ್-ಕೋರ್ ತಿದ್ದುಪಡಿಯಲ್ಲಿ, ಅಧಿಕೃತ ಸಹಿದಾರರ ವಿವರದ ಕೆಳಗೆ ಬರುತ್ತದೆ. ಹಳೆ ಪತ್ರಗಳನ್ನು ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಲ್ಲಿ ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಇಡಿ. ಐಮ್ಯಾಪ್‌ನಲ್ಲಿ ಇಟ್ಟು ಬಿಟ್ಟರೆ ಸಾಲದು, ಅದು ಸರ್ವರಿನ ಪ್ರತಿಬಿಂಬ ಮಾತ್ರ, ಸರ್ವರ್ ಖಾಲಿಯಾದರೆ ನಿಮ್ಮ ಪ್ರತಿಯೂ ಖಾಲಿಯಾಗಬಹುದು. ಲೋಕಲ್ ಫೋಲ್ಡರಿಗೆ ನಕಲು ಮಾಡಿ.

ಫೋನ್ ನಂಬರಿನ ಕಥೆ ಬೇರೆ. ಮೊಬೈಲಿಗೆ ಇರುವ ಪೋರ್ಟಬಿಲಿಟಿ ನಮ್ಮಲ್ಲಿ ಲ್ಯಾಂಡ್‌ಲೈನಿಗೆ ಇಲ್ಲ. ಕಂಪನಿ ಬಿಟ್ಟರೆ 0816ರ ಆ ನಂಬರನ್ನೂ ಬಿಡಬೇಕು. ನಿಲ್ಲುವ ದಿನದವರೆಗೆ ಕಾಲ್ ಫಾರ್ವರ್ಡ್ ಹಾಕಿಡಬಹುದು. ನಂಬರ್ ರದ್ದಾದ ಕ್ಷಣ ಫಾರ್ವರ್ಡೂ ನಿಲ್ಲುತ್ತದೆ. ಹಾಗಾಗಿ ಬಿಲ್ ಪುಸ್ತಕ, ಬೋರ್ಡು, ಗೂಗಲ್ ಮ್ಯಾಪಿನ ವ್ಯವಹಾರ ಪುಟ ಇವನ್ನು ಫಾರ್ವರ್ಡ್ ನಡೆಯುತ್ತಿರುವಾಗಲೇ ಬದಲಾಯಿಸಿ. 1800 ನಂಬರಿದ್ದರೆ ಅದು ಯಾವ ನಂಬರಿಗೆ ಬೀಳುತ್ತದೆ ಎಂಬುದನ್ನು ಆ ಸೇವೆಯವರಿಗೆ ಹೇಳಿ ಬದಲಿಸಿಕೊಳ್ಳಬೇಕು.

ಹೊಸ ಲೈನ್ ಕೇಳುವಾಗ

ಸ್ಪೀಡ್ ಎಷ್ಟು ಎಂಬುದು ಕೊನೆಯ ಪ್ರಶ್ನೆ. ಮೊದಲನೆಯದು: ಫೈಬರ್ ಯಾವ ದಾರಿಯಲ್ಲಿ ಬರುತ್ತದೆ? ಹೆದ್ದಾರಿ 48ರ ಅಗಲೀಕರಣ, ಒಳಚರಂಡಿ, ಕುಡಿಯುವ ನೀರಿನ ಪೈಪು, ಯಾವುದಕ್ಕಾದರೂ ಜೆಸಿಬಿ ಇಳಿದರೆ ಮೊದಲು ಹೋಗುವುದು ಫೈಬರ್. ಎರಡು ಕಂಪನಿಗಳ ಲೈನ್ ಇಟ್ಟುಕೊಂಡು ನಿಶ್ಚಿಂತೆಯಾಗಿರುವವರು ಒಮ್ಮೆ ಹೊರಗೆ ನಿಂತು ನೋಡಬೇಕು: ಎರಡೂ ಒಂದೇ ಕಂಬದ ಸಾಲಿನಲ್ಲಿ ಬಂದಿದ್ದರೆ ನಿಮ್ಮಲ್ಲಿರುವುದು ಒಂದೇ ಲೈನ್, ಬಿಲ್ ಮಾತ್ರ ಎರಡು. ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳಲ್ಲಿ ಎರಡನೆಯದನ್ನು ವೈರಿಲ್ಲದ್ದಾಗಿ, ಅಂದರೆ 5ಜಿ ಏರ್‌ಫೈಬರ್ ಅಥವಾ ಸಿಮ್ ಹಾಕುವ ರೌಟರ್ ಆಗಿ ಇಟ್ಟುಕೊಳ್ಳುವುದು ಒಳ್ಳೆಯದು. ತಗಡಿನ ಶೆಡ್ ಒಳಗೆ ಸಿಗ್ನಲ್ ಸಾಯುತ್ತದೆ. ಹೊರಗಿನ ಆಂಟೆನಾ ಇರುವ ಮಾದರಿಯನ್ನೇ ಕೇಳಿ, ಟವರ್ ಇರುವ ದಿಕ್ಕಿನ ಗೋಡೆಗೆ ಹಾಕಿಸಿ.

ಎರಡನೆಯ ಪ್ರಶ್ನೆ: ಪಬ್ಲಿಕ್ ಐಪಿ ಕೊಡುತ್ತೀರಾ, ಸಿಜಿನ್ಯಾಟ್ ಒಳಗೆ ಇಡುತ್ತೀರಾ? ಸಿಜಿನ್ಯಾಟ್ ಎಂದರೆ ನೂರಾರು ಗ್ರಾಹಕರು ಒಂದೇ ಹೊರಗಿನ ವಿಳಾಸವನ್ನು ಹಂಚಿಕೊಳ್ಳುವ ವ್ಯವಸ್ಥೆ. ಹೊರಗಿನಿಂದ ಬರುವವರಿಗೆ ನಿಮ್ಮ ಬಾಗಿಲು ಯಾವುದೆಂದು ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ. ರೌಟರಿನ ವ್ಯಾನ್ (ಹೊರಗಿನ ಲೈನ್ ಸೇರುವ ಕಡೆಯ) ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಅದು ಸಿಜಿನ್ಯಾಟ್. ಮನೆ ಪ್ಲಾನ್‌ಗಳಲ್ಲಿ, ಏರ್‌ಫೈಬರ್‌ಗಳಲ್ಲಿ ಬಹುತೇಕ ಇದೇ ಇರುತ್ತದೆ.

ಉಳಿದವು: ಅಪ್‌ಲೋಡ್ ಎಷ್ಟು (ಹೊರಗಿನಿಂದ ನೋಡುವ ಪ್ರತಿ ಕ್ಯಾಮೆರಾಕ್ಕೆ ಸುಮಾರು 2 ಎಂಬಿಪಿಎಸ್ ಲೆಕ್ಕ ಹಾಕಿ), ಡೇಟಾ ಮಿತಿ ದಾಟಿದರೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ, ಒಎನ್‌ಟಿಯನ್ನು (ಫೈಬರ್ ಬಂದು ಸೇರುವ ಡಬ್ಬಿ) ಬ್ರಿಜ್ ಮೋಡಿಗೆ (ಐಪಿಯನ್ನು ನಮ್ಮ ರೌಟರಿಗೇ ದಾಟಿಸುವ ಸ್ಥಿತಿ) ಹಾಕಿಕೊಡುತ್ತೀರಾ, ಬಿಲ್ಲಿನಲ್ಲಿ ನಮ್ಮ ಜಿಎಸ್‌ಟಿ ನಂಬರ್ ಬರುತ್ತದೆಯೇ. ಕೊನೆಯದನ್ನು ಮರೆತರೆ 18% ತೆರಿಗೆಯ ಕ್ರೆಡಿಟ್ ತಪ್ಪುತ್ತದೆ. ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರೆ ಬೇಡ ಎನ್ನಿ. ಈಗಷ್ಟೇ ಒಬ್ಬರು ಅರ್ಧದಲ್ಲಿ ಕೈಬಿಟ್ಟಿದ್ದಾರೆ. ಮೊದಲ ಮೂರು ತಿಂಗಳು ತಿಂಗಳ ಬಿಲ್ಲೇ ಸರಿ.

ಫೈಬರ್ ಹಾಕುವವರು ಬಂದಾಗ ಅಲ್ಲೇ ನಿಂತು ನೋಡಬೇಕಾದ ಎರಡು ವಿಷಯ ಇವೆ. ಡಬ್ಬಿಗೆ ಸಿಕ್ಕಿಸುವ ಕನೆಕ್ಟರ್ ಹಸಿರೋ ನೀಲಿಯೋ ಎಂದು ನೋಡಿ. ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ತೇಯ್ದಿರುತ್ತಾರೆ, ನೀಲಿಯದು ನೇರ. ಹಸಿರನ್ನು ನೀಲಿಗೆ ಸಿಕ್ಕಿಸಿದರೆ ಒಳಗೆ ಕೂರುತ್ತದೆ, ದೀಪವೂ ಹತ್ತಬಹುದು, ಆದರೆ ಎರಡು ತುದಿಗಳ ನಡುವೆ ಗಾಳಿಯ ಸಂದು ಉಳಿದು ಬೆಳಕು ಸೋರಿ ಹೋಗುತ್ತದೆ. ಆಮೇಲೆ ಒಎನ್‌ಟಿಯ ಪುಟದಲ್ಲಿ ಆಪ್ಟಿಕಲ್ ಆರ್‌ಎಕ್ಸ್ ಪವರ್ (ಡಬ್ಬಿಗೆ ತಲುಪುವ ಬೆಳಕಿನ ಮಟ್ಟ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ) ತೆರೆಸಿ. ಸಾಮಾನ್ಯ ಜಿಪಾನ್ (ಒಂದು ಫೈಬರನ್ನು ಹಲವರಿಗೆ ಹಂಚುವ ವ್ಯವಸ್ಥೆ) ಡಬ್ಬಿ -8ರಿಂದ -27 ಡಿಬಿಎಂ ವರೆಗೆ ಕೆಲಸ ಮಾಡುತ್ತದೆ. -15ರಿಂದ -24ರ ನಡುವೆ ಇದ್ದರೆ ಸಹಿ ಹಾಕಿ. -26 ಬಂದರೆ ಹಾಕಬೇಡಿ. ಅವತ್ತು ನೆಟ್ ಚೆನ್ನಾಗೇ ನಡೆಯುತ್ತದೆ, ನಂತರ ಧೂಳು ಕೂತು, ವೈರ್ ಎಳೆದಾಡಿ, ಕನೆಕ್ಟರ್ ಸ್ವಲ್ಪ ಸಡಿಲವಾದರೂ ಕೆಂಪು ದೀಪ ಮಿನುಗಲು ಶುರು. ಬೀದಿಯ ಪೆಟ್ಟಿಗೆಯಲ್ಲಿ ಒಂದು ಫೈಬರನ್ನು 32 ಜನಕ್ಕೆ ಹಂಚಿದರೆ ಅಲ್ಲೇ 17 ಡಿಬಿ ಹೋಗಿರುತ್ತದೆ. ಉಳಿದ ನಷ್ಟವೆಲ್ಲ ಜೋಡಣೆಗಳಲ್ಲಿ ಮತ್ತು ಬಾಗಿಸಿದ ಮೂಲೆಗಳಲ್ಲಿ. ಕಿಟಕಿಯ ಮೂಲೆಯಲ್ಲಿ ಫೈಬರನ್ನು ಕರೆಂಟ್ ವೈರಿನಂತೆ ಮಡಚಿ ಮೊಳೆ ಹೊಡೆದಿದ್ದರೆ ಬಿಚ್ಚಿಸಿ, ದೊಡ್ಡ ಸುತ್ತು ಕೊಡಿಸಿ. ಪವರ್ ತೋರಿಸಿದ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ದೂರು ಕೊಡುವಾಗ ಅದೇ ಸಾಕ್ಷಿ. ಬಿಚ್ಚಿದ ಫೈಬರಿನ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಬೆಳಕು ಕಾಣದಿದ್ದರೂ ಲೇಸರ್ ಇರುತ್ತದೆ.

ಕಂಬದಿಂದ ಬರುವ ಚಪ್ಪಟೆ ಕೇಬಲಿನಲ್ಲಿ ಭಾರ ಹೊರಲು ಉಕ್ಕಿನ ತಂತಿ ಇದ್ದರೆ ಅದನ್ನು ಗೋಡೆಯ ಹೊರಗಿನ ಕೊಕ್ಕೆಗೇ ಕಟ್ಟಿ ಕತ್ತರಿಸಿಸಿ, ಒಳಗೆ ತರಿಸಬೇಡಿ. ಬೇಸಿಗೆ ಮಳೆಯ ಗುಡುಗಿನಲ್ಲಿ ಫೈಬರ್ ಮಿಂಚನ್ನು ಒಯ್ಯುವುದಿಲ್ಲ, ಆ ತಂತಿ ಒಯ್ಯುತ್ತದೆ.

ಐಪಿಯನ್ನು ಲೈನಿನಿಂದ ಬಿಡಿಸುವುದು

ಹೊಸ ಕಂಪನಿಯಿಂದ ಮತ್ತೆ ಸ್ಟ್ಯಾಟಿಕ್ ಐಪಿ ಕೊಂಡರೆ ಸಮಸ್ಯೆ ಮುಂದಕ್ಕೆ ಹೋಯಿತು, ಮುಗಿಯಲಿಲ್ಲ. ಬ್ಯಾಂಕಿನ ಪಟ್ಟಿಯಲ್ಲಿ ಐಪಿ ಇರಲೇಬೇಕಾದವರಿಗೆ ಇದಕ್ಕಿಂತ ಗಟ್ಟಿಯಾದ ದಾರಿ ಇದೆ. ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಚಿಕ್ಕದೊಂದು ಕ್ಲೌಡ್ ಸರ್ವರ್ ಬಾಡಿಗೆಗೆ ತೆಗೆದುಕೊಳ್ಳಿ. 1 ಜಿಬಿ ರ‍್ಯಾಮ್ ಸಾಕು, ತಿಂಗಳಿಗೆ ಕೆಲವು ನೂರು ರೂಪಾಯಿ. ಅದರ ಜೊತೆ ಬರುವ ಸ್ಥಿರ ಐಪಿಯೇ ಇನ್ನು ಮುಂದೆ ನಿಮ್ಮ ವ್ಯವಹಾರದ ವಿಳಾಸ. ಆಫೀಸಿನ ರೌಟರಿನಿಂದ ಆ ಸರ್ವರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದ ಸುರಂಗ (ಬೀಗ ಹಾಕಿದ ಖಾಸಗಿ ದಾರಿ) ಹಾಕಿ. ಆಫೀಸೇ ಹೊರಗೆ ಹೋಗಿ ಸರ್ವರನ್ನು ಹಿಡಿಯುವುದರಿಂದ ಕೆಳಗಿನ ಲೈನ್ ಸಿಜಿನ್ಯಾಟ್ ಆಗಿದ್ದರೂ, ಮೊಬೈಲ್ ಸಿಮ್ ಆಗಿದ್ದರೂ ನಡೆಯುತ್ತದೆ.

ರೌಟರ್ ಮೈಕ್ರೋಟಿಕ್‌ನದಾದರೆ ರೌಟರ್‌ಓಎಸ್ 7 ಇರಬೇಕು, ಇಲ್ಲವೇ ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೌಟರ್. ಸರ್ವರಿನಲ್ಲಿ ಯುಡಿಪಿ 51820 ಪೋರ್ಟ್ (ಸುರಂಗ ಒಳಬರುವ ಬಾಗಿಲು) ತೆರೆಯಿರಿ. ಕ್ಲೌಡ್ ಕಂಪನಿಯ ಫೈರ್‌ವಾಲ್‌ನಲ್ಲೂ, ಸರ್ವರ್ ಒಳಗಿನ ಫೈರ್‌ವಾಲ್‌ನಲ್ಲೂ ತೆರೆಯಬೇಕು. ಒಂದನ್ನು ಮರೆತು ಗಂಟೆಗಟ್ಟಲೆ ಹುಡುಕುವುದು ಇಲ್ಲಿ ಸಾಮಾನ್ಯ. ಆಫೀಸ್ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಇಡದಿದ್ದರೆ ಸುಮ್ಮನಿದ್ದ ಸಂಪರ್ಕವನ್ನು ಸಿಜಿನ್ಯಾಟ್ ಮರೆತುಬಿಡುತ್ತದೆ, ಬೆಳಿಗ್ಗೆ ಬಂದಾಗ ಹೊರಗಿನಿಂದ ಯಾರೂ ಒಳಬರಲಾಗುವುದಿಲ್ಲ. ಎಂಟಿಯು (ಒಮ್ಮೆಗೆ ಕಳಿಸುವ ಡೇಟಾ ತುಣುಕಿನ ಗರಿಷ್ಠ ಗಾತ್ರ) 1420 ಸಾಮಾನ್ಯವಾಗಿ ಸರಿಹೋಗುತ್ತದೆ. ಸಿಮ್ ಲೈನಿನ ಮೇಲೆ ಪುಟಗಳು ಅರ್ಧಕ್ಕೆ ನಿಂತರೆ 1280ಕ್ಕೆ ಇಳಿಸಿ.

ಎಲ್ಲ ಟ್ರಾಫಿಕ್ಕನ್ನೂ ಸುರಂಗದಲ್ಲಿ ಕಳಿಸಬೇಡಿ. ಅಕೌಂಟ್ಸ್ ಕಂಪ್ಯೂಟರಿನಿಂದ ಬ್ಯಾಂಕಿಗೆ, ಎಪಿಐಗೆ ಹೋಗುವುದನ್ನು ಮಾತ್ರ ಪಾಲಿಸಿ ರೂಟಿಂಗ್ ಮಾಡಿ ಅತ್ತ ತಿರುಗಿಸಿ. ಎರಡು ಎಚ್ಚರ. ಕ್ಲೌಡ್ ಐಪಿಯನ್ನು ಒಪ್ಪುತ್ತೀರಾ ಎಂದು ಬ್ಯಾಂಕನ್ನು ಮೊದಲೇ ಕೇಳಿ. ಮತ್ತೆ, ಈ ಸರ್ವರಿನಿಂದ ನೇರವಾಗಿ ಮೇಲ್ ಕಳಿಸಲು ಹೋಗಬೇಡಿ. ಬಹಳಷ್ಟು ಕ್ಲೌಡ್ ಕಂಪನಿಗಳು 25ನೇ ಪೋರ್ಟನ್ನು ಮುಚ್ಚಿರುತ್ತವೆ. ಮೇಲ್ ಸೇವೆಯ 587 ಪೋರ್ಟ್ ಬಳಸಿ.

ಇಷ್ಟು ಬೇಡದವರಿಗೆ ಸರಳ ದಾರಿಗಳಿವೆ. ಡಿವಿಆರ್ ನೋಡಲು ಆಯಾ ಕಂಪನಿಯ ಮೊಬೈಲ್ ಆ್ಯಪಿನ ಕ್ಲೌಡ್ ಸಂಪರ್ಕ ಸಾಕು, ಡಬ್ಬಿಯ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಆಯಿತು. ಡಿವಿಆರ್‌ಗೆ ಪೋರ್ಟ್ ತೆರೆದು ಹಳೆ ಪಾಸ್‌ವರ್ಡನ್ನೇ ಇಟ್ಟವರ ಸಾಧನಗಳನ್ನೇ 2016ರಲ್ಲಿ ಮಿರಾಯ್ ಎಂಬ ಬಾಟ್‌ನೆಟ್ ಗುಡ್ಡೆಹಾಕಿಕೊಂಡದ್ದು. ಆ ಪದ್ಧತಿಯನ್ನು ಬಿಡಲು ಇದೇ ಸಂದರ್ಭ. ಟ್ಯಾಲಿಪ್ರೈಮ್‌ನ ರಿಮೋಟ್ ಸೌಲಭ್ಯ ಟ್ಯಾಲಿ.ನೆಟ್ ಐಡಿಯ ಮೇಲೆ ನಡೆಯುತ್ತದೆ, ಅದಕ್ಕೆ ಸ್ಟ್ಯಾಟಿಕ್ ಐಪಿ ಬೇಕಿಲ್ಲ. ರಿಮೋಟ್ ಡೆಸ್ಕ್‌ಟಾಪ್‌ಗಾಗಿ 3389 ಪೋರ್ಟ್ ತೆರೆದಿಟ್ಟಿದ್ದರೆ ಮುಚ್ಚಿ, ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಮೂಲಕ ಬನ್ನಿ. ರ‍್ಯಾನ್ಸಮ್‌ವೇರ್ ಒಳಬರುವ ಹೆದ್ದಾರಿ ಆ ತೆರೆದ 3389 ಪೋರ್ಟ್.

ಬದಲಾಯಿಸುವ ದಿನ

ತಾರೀಕು ಆರಿಸುವುದರಲ್ಲೇ ಅರ್ಧ ಕೆಲಸ. 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ. ಉಳಿಯುವುದು 22ರಿಂದ 27. ಅದರಲ್ಲಿ ಮಂಗಳವಾರದಿಂದ ಗುರುವಾರದೊಳಗೆ ಒಂದು ಬೆಳಿಗ್ಗೆ ಹತ್ತು ಗಂಟೆ. ಭಾನುವಾರ ಆಫೀಸ್ ಖಾಲಿ ಇರುತ್ತದೆ ನಿಜ, ಹೊಸ ಕಂಪನಿಯ ಹುಡುಗರೂ ಸಿಗುವುದಿಲ್ಲ. ಬಟವಾಡಿಯ ಎಪಿಎಂಸಿ ವರ್ತಕರು, ತಿಪಟೂರಿನಲ್ಲಿ ಇ-ಟೆಂಡರ್ ಹಾಕುವ ಕೊಬ್ಬರಿ ವ್ಯಾಪಾರಿಗಳು ಟೆಂಡರ್ ಇಲ್ಲದ ದಿನ ನೋಡಿಕೊಳ್ಳಬೇಕು. ಬಿಡ್ ಹಾಕುವ ಸಮಯ ಮುಗಿದರೆ ಮತ್ತೆ ತೆರೆಯುವುದಿಲ್ಲ. ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್ವಾಯ್ಸ್ ಇಲ್ಲದೆ ಬಿಲ್ಲೇ ಆಗುವುದಿಲ್ಲ, ಲಾರಿ ಗೇಟಿನಲ್ಲಿ ನಿಲ್ಲುತ್ತದೆ. ಅವತ್ತು ಒಂದು ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಹಾಕಿ ಡಿಸ್ಪ್ಯಾಚ್ ಟೇಬಲ್ ಮೇಲೆ ಸಿದ್ಧ ಇಡಿ.

ಹಳೆಯದು ನಿಲ್ಲುವ ತಾರೀಕಿಗೂ ಹೊಸದು ಶುರುವಾಗುವುದಕ್ಕೂ ಕನಿಷ್ಠ 15 ದಿನ ಎರಡೂ ನಡೆಯಲಿ. ಒಂದು ತಿಂಗಳ ಬಿಲ್ ಹೆಚ್ಚು ಕಟ್ಟಿದರೂ ಇದು ದಂಡವಲ್ಲ. ಡೊಮೇನ್ ಹಳೆ ಐಪಿಗೆ ತೋರಿಸುತ್ತಿದ್ದರೆ, ಹೆಸರನ್ನು ಐಪಿಗೆ ಜೋಡಿಸುವ ಡಿಎನ್‌ಎಸ್‌ನಲ್ಲಿ ಟಿಟಿಎಲ್ (ಹಳೆ ಉತ್ತರವನ್ನು ನೆನಪಿಟ್ಟುಕೊಳ್ಳುವ ಸಮಯ) ಅನ್ನು ಎರಡು ದಿನ ಮುಂಚೆ 300 ಸೆಕೆಂಡಿಗೆ ಇಳಿಸಿ. ಆಗ ಐಪಿ ಬದಲಿಸಿದ ಐದು ನಿಮಿಷದಲ್ಲಿ ಹೆಚ್ಚಿನವರಿಗೆ ಹೊಸದು ಸಿಗುತ್ತದೆ.

ಹಳೆ ರೌಟರಿನ ಪ್ರತಿ ಪುಟದ ಫೋಟೋ ತೆಗೆದಿಡಿ: ಲ್ಯಾನ್ (ಆಫೀಸ್ ಒಳಗಿನ ಜಾಲದ) ವಿಳಾಸ, ಡಿಎಚ್‌ಸಿಪಿ ವ್ಯಾಪ್ತಿ, ಕಾಯ್ದಿರಿಸಿದ ವಿಳಾಸಗಳು, ಪೋರ್ಟ್ ಫಾರ್ವರ್ಡ್, ವೈಫೈ ಹೆಸರು ಮತ್ತು ಪಾಸ್‌ವರ್ಡ್. ನಿಮ್ಮದೇ ಆದ ಎರಡು ವ್ಯಾನ್‌ನ ರೌಟರ್ ಒಂದನ್ನು ಕೊಂಡು ಅದರಲ್ಲಿ ಇವನ್ನೆಲ್ಲ ಅಕ್ಷರಶಃ ಹಾಗೇ ತುಂಬಿ. ಹಳೆ ಲ್ಯಾನ್ 192.168.1.1 ಆಗಿದ್ದರೆ ಹೊಸದೂ ಅದೇ ಇರಲಿ, ವೈಫೈ ಹೆಸರೂ ಅದೇ ಇರಲಿ. ಹೀಗೆ ಮಾಡಿದರೆ ಪ್ರಿಂಟರ್, ಹಾಜರಾತಿ ಯಂತ್ರ, ಟ್ಯಾಲಿ ಸರ್ವರ್ ಯಾವುದನ್ನೂ ಮುಟ್ಟಬೇಕಿಲ್ಲ. ಮೊದಲ ವ್ಯಾನಿಗೆ ಹೊಸ ಫೈಬರ್, ಎರಡನೆಯದಕ್ಕೆ ಸದ್ಯಕ್ಕೆ ಹಳೆ ಲೈನ್, ಅದು ಹೋದ ಮೇಲೆ 5ಜಿ.

ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್ ಮೇಲಿದ್ದು ಒಎನ್‌ಟಿ ಮಾತ್ರ ಆರುವ ಆಫೀಸುಗಳು ತುಂಬಾ ಇವೆ. 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಒಎನ್‌ಟಿ ಮತ್ತು ರೌಟರಿನ ಅಡಾಪ್ಟರ್ ಮೇಲೆ ಬರೆದ ಆಂಪಿಯರ್ ಕೂಡಿಸಿ, ಅದಕ್ಕಿಂತ ಹೆಚ್ಚಿನದನ್ನೇ ಕೊಳ್ಳಿ. ಎರಡೂ ತಲಾ 1 ಆಂಪಿಯರ್ ಆದರೆ 3 ಆಂಪಿಯರಿನದು. ಒಂದು ಅಡಾಪ್ಟರ್ 9 ವೋಲ್ಟಿನದಾಗಿದ್ದರೆ ಅದೇ ಪಿನ್ನಿಗೆ 12 ಕೊಟ್ಟು ಸುಡಬೇಡಿ.

ಏನು ಕೆಡುತ್ತದೆ, ಯಾಕೆ

ರೌಟರಿಗೆ ನೆಟ್ ಬರುತ್ತಿಲ್ಲ, ಒಎನ್‌ಟಿಗೆ ನೇರ ಸಿಕ್ಕಿಸಿದ ಲ್ಯಾಪ್‌ಟಾಪಿಗೆ ಬರುತ್ತಿದೆ. ಬಹುಪಾಲು ಎರಡರ ಲ್ಯಾನ್ ವಿಳಾಸವೂ 192.168.1.1 ಆಗಿರುತ್ತದೆ. ಎರಡು ಕಡೆಯೂ ಒಂದೇ ಜಾಲವಾದರೆ ರೌಟರಿಗೆ ದಾರಿ ಗೊತ್ತಾಗುವುದಿಲ್ಲ. ಒಎನ್‌ಟಿಯನ್ನು ಬ್ರಿಜ್ ಮೋಡಿಗೆ ಹಾಕಿಸಿ, ಆಗದಿದ್ದರೆ ಅದರ ವಿಳಾಸವನ್ನು 192.168.100.1 ಮಾಡಿ.

ಬ್ರಿಜ್ ಮಾಡಿದ ಮೇಲೆ ಪಿಪಿಪಿಒಇ (ರೌಟರ್ ಕಂಪನಿಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್ ಸರಿಯಿದ್ದರೂ ಲಾಗಿನ್ ಆಗುತ್ತಿಲ್ಲವೇ? ಕಂಪನಿಯ ಕಡೆ ಒಎನ್‌ಟಿಯ ಹಳೆ ಸೆಷನ್ ಇನ್ನೂ ತೆರೆದಿರುತ್ತದೆ, ಇಲ್ಲವೇ ಲೈನನ್ನು ಆ ಡಬ್ಬಿಯ ಮ್ಯಾಕ್ ವಿಳಾಸಕ್ಕೆ (ಯಂತ್ರದ ಗುರುತಿನ ಸಂಖ್ಯೆ) ಕಟ್ಟಿಹಾಕಿರುತ್ತಾರೆ. "ಸೆಷನ್ ಕ್ಲಿಯರ್ ಮಾಡಿ, ಮ್ಯಾಕ್ ಬೈಂಡಿಂಗ್ ತೆಗೆಯಿರಿ" ಎಂದು ಹೇಳಿ. ರೌಟರಿನಲ್ಲಿ ಹಾಕಬೇಕಾದ ವಿಲ್ಯಾನ್ ಸಂಖ್ಯೆಯನ್ನೂ ಅದೇ ಕರೆಯಲ್ಲಿ ಕೇಳಿ ಬರೆದುಕೊಳ್ಳಿ.

ಎಲ್ಲರಿಗಿಂತ ಹೆಚ್ಚು ಕಾಡುವುದು ಇದು: ಹೆಚ್ಚಿನ ಕಂಪ್ಯೂಟರ್ ಸರಿ, ಎರಡು ಮೂರರಲ್ಲಿ ಮಾತ್ರ ಯಾವ ಸೈಟೂ ತೆರೆಯುವುದಿಲ್ಲ, ಆದರೆ 8.8.8.8ಕ್ಕೆ ಪಿಂಗ್ ಕೊಟ್ಟರೆ ಉತ್ತರ ಬರುತ್ತದೆ. ಹಿಂದೆಂದೋ ಬಂದ ಟೆಕ್ನೀಷಿಯನ್ ಆ ಯಂತ್ರಗಳಲ್ಲಿ ಹಳೆ ಕಂಪನಿಯ ಡಿಎನ್‌ಎಸ್ ವಿಳಾಸವನ್ನು ಕೈಯಾರೆ ಬರೆದು ಹೋಗಿರುತ್ತಾನೆ. ಆ ಸರ್ವರ್ ತನ್ನ ಗ್ರಾಹಕರಲ್ಲದವರಿಗೆ ಉತ್ತರಿಸುವುದಿಲ್ಲ. ನೆಟ್‌ವರ್ಕ್ ಅಡಾಪ್ಟರಿನ ಐಪಿವಿ4 ಗುಣಲಕ್ಷಣಗಳಲ್ಲಿ ಡಿಎನ್‌ಎಸ್ ಅನ್ನು ಆಟೋಮ್ಯಾಟಿಕ್‌ಗೆ ಹಾಕಿ. ಡಿವಿಆರ್ ಮತ್ತು ಪ್ರಿಂಟರಿನ ಒಳಗೂ ಇದೇ ಇರಬಹುದು, ಅಲ್ಲಿಯೂ ನೋಡಿ. ಪ್ರಿಂಟರಿನಿಂದ ಸ್ಕ್ಯಾನ್ ಮೇಲ್ ಮಾತ್ರ ಹೋಗುತ್ತಿಲ್ಲವೆಂದರೆ ಅದರಲ್ಲಿ ಹಳೆ ಕಂಪನಿಯ ಎಸ್‌ಎಂಟಿಪಿ ಸರ್ವರ್ ಇದೆ.

ಕೆಲವು ಸೈಟ್ ತೆರೆದು ಕೆಲವು ತಿರುಗುತ್ತಲೇ ಇದ್ದರೆ ಎಂಟಿಯು ನೋಡಿ. ಪಿಪಿಪಿಒಇ ಲೈನಿನಲ್ಲಿ 1500 ಅಲ್ಲ, 1492.

ಬ್ಯಾಂಕಿಗೆ ಲಾಗಿನ್ ಆದ ಕೂಡಲೇ ಹೊರಗೆ ಹಾಕುತ್ತಿದೆಯೇ? ಎರಡು ವ್ಯಾನ್ ರೌಟರ್ ಲೋಡ್ ಬ್ಯಾಲೆನ್ಸಿಂಗ್‌ನಲ್ಲಿದೆ. ಒಂದು ಕ್ಲಿಕ್ ಒಂದು ಐಪಿಯಿಂದ, ಮುಂದಿನದು ಇನ್ನೊಂದರಿಂದ ಹೋದಾಗ ಬ್ಯಾಂಕ್ ಅನುಮಾನಪಡುತ್ತದೆ. ಫೇಲ್‌ಓವರ್ (ಮೊದಲ ಲೈನ್ ಸತ್ತಾಗಷ್ಟೇ ಎರಡನೆಯದು) ಮಾತ್ರ ಇಡಿ. ಲೈನ್ ಸತ್ತಿದೆಯೇ ಎಂದು ತಿಳಿಯಲು ರೌಟರ್ ಹೊರಗಿನ ವಿಳಾಸವೊಂದಕ್ಕೆ ಪಿಂಗ್ ಮಾಡುವಂತೆ ಹೊಂದಿಸಿ. ಕೇಬಲ್ ಸಿಕ್ಕಿಸಿದೆಯೇ ಎಂದು ಮಾತ್ರ ನೋಡುವ ಹೊಂದಿಕೆಯಲ್ಲಿ, ಬೀದಿಯಲ್ಲಿ ಫೈಬರ್ ತುಂಡಾದರೂ ಒಎನ್‌ಟಿಯ ಪೋರ್ಟ್ ಬದುಕಿರುವುದರಿಂದ ಎರಡನೆಯ ಲೈನಿಗೆ ಹೋಗುವುದೇ ಇಲ್ಲ.

ನೀವು ಕಳಿಸಿದ ಮೇಲ್ ಗಿರಾಕಿಯ ಸ್ಪ್ಯಾಮಿಗೆ ಬೀಳುತ್ತಿದ್ದರೆ, ನಿಮ್ಮ ಹೆಸರಲ್ಲಿ ಯಾವ ಐಪಿಯಿಂದ ಮೇಲ್ ಕಳಿಸಬಹುದು ಎಂದು ಹೇಳುವ ಡೊಮೇನಿನ ಎಸ್‌ಪಿಎಫ್ ದಾಖಲೆಯಲ್ಲಿ ಇನ್ನೂ ಹಳೆ ಐಪಿ ಇದೆ. ಹೊಸದನ್ನು ಸೇರಿಸಿ, ಹಳೆಯದನ್ನು ತೆಗೆಯಿರಿ. ಆ ಐಪಿ ನಾಳೆ ಬೇರೊಬ್ಬರದಾಗುತ್ತದೆ, ಅವರು ನಿಮ್ಮ ಹೆಸರಲ್ಲಿ ಮೇಲ್ ಕಳಿಸುವ ದಾರಿ ತೆರೆದಿಡಬಾರದು.

ಹಳೆ ಖಾತೆ ಮುಚ್ಚುವುದು

ಪೋರ್ಟಲ್ ಬಂದ್ ಆಗುವ ಮುಂಚೆ ಎಲ್ಲ ಬಿಲ್ಲುಗಳನ್ನೂ ಇಳಿಸಿಕೊಳ್ಳಿ. ಜಿಎಸ್‌ಟಿ ಕಾನೂನಿನಲ್ಲಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು, ಕಂಪನಿ ಅಷ್ಟು ದಿನ ಇರುತ್ತದೆ ಎಂದು ನಂಬುವಂತಿಲ್ಲ. ಮುಂಗಡ ಕಟ್ಟಿದ ಹಣ ವಾಪಸಾಗುವಾಗ ಕ್ರೆಡಿಟ್ ನೋಟ್ ಕೇಳಿ ಪಡೆಯಿರಿ. ನೀವು ತೆಗೆದುಕೊಂಡ ತೆರಿಗೆ ಕ್ರೆಡಿಟ್ಟನ್ನು ಅಷ್ಟರಮಟ್ಟಿಗೆ ಹಿಂತಿರುಗಿಸಬೇಕಾಗುತ್ತದೆ. ಬ್ಯಾಂಕಿನ ಆಟೋ ಡೆಬಿಟ್ ಮ್ಯಾಂಡೇಟನ್ನು ಬ್ಯಾಂಕಿನಲ್ಲೇ ರದ್ದು ಮಾಡಿಸಿ. ಸೇವೆ ನಿಂತರೂ ಮ್ಯಾಂಡೇಟ್ ತಾನಾಗಿ ಸಾಯುವುದಿಲ್ಲ.

ಡಬ್ಬಿ ಒಯ್ಯಲು ಬರುವ ಹುಡುಗನ ಕೈಗೆ ಸುಮ್ಮನೆ ಕೊಡಬೇಡಿ. ಫ್ಯಾಕ್ಟರಿ ರೀಸೆಟ್ ಮಾಡಿ, ತಳದ ಸೀರಿಯಲ್ ನಂಬರಿನ ಫೋಟೋ ತೆಗೆದು, ಆ ನಂಬರ್ ಇರುವ ರಸೀದಿಗೆ ಸಹಿ ಹಾಕಿಸಿಕೊಂಡು ಕೊಡಿ. ಠೇವಣಿ ಜಪ್ತಿಗೆ ಕಂಪನಿಗಳು ಹೇಳುವ ಮೊದಲ ಕಾರಣ "ಉಪಕರಣ ಬಂದಿಲ್ಲ" ಎಂಬುದು. ಟ್ರಾಯ್‌ನ 2024ರ ಸೇವಾ ಗುಣಮಟ್ಟ ನಿಯಮಗಳ ಪ್ರಕಾರ ಸೇವೆ ಮುಚ್ಚಿದ 45 ದಿನದಲ್ಲಿ ಠೇವಣಿ ವಾಪಸ್ ಬರಬೇಕು.

ಬರದಿದ್ದರೆ ಕಂಪನಿಯ ದೂರು ಕೇಂದ್ರದಲ್ಲಿ ದೂರು ಕೊಟ್ಟು ಡಾಕೆಟ್ ನಂಬರ್ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, ಶುಲ್ಕವಿಲ್ಲ. ಅವರು 39 ದಿನದಲ್ಲಿ ತೀರ್ಮಾನ ಕೊಡಬೇಕು. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ಬಗೆಹರಿಸುವುದಿಲ್ಲ, ಅಲ್ಲಿಗೆ ಬರೆದು ದಿನ ಕಳೆಯಬೇಡಿ. ಕೇಂದ್ರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಯ ಹೆಸರಿಗೆ ದೂರು ಹಾಕಬಹುದು. 1915ರ ಗ್ರಾಹಕ ಸಹಾಯವಾಣಿಯೂ ಇದೆ.

ಕೊನೆಯ ಮೆಟ್ಟಿಲು ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ. ದೂರಸಂಪರ್ಕದ ತಕರಾರನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಹೇಳಿದೆ. ಬಿಸಿನೆಸ್ ಕನೆಕ್ಷನ್‌ಗೆ ಒಂದು ತೊಡಕಿದೆ: ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯವರು 2019ರ ಕಾಯ್ದೆಯಲ್ಲಿ ಗ್ರಾಹಕರಲ್ಲ ಎಂದು ಕಂಪನಿಯ ವಕೀಲರು ವಾದಿಸುತ್ತಾರೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆ ಕೊಂಡು ಬಳಸುವ ಸರಕಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಸೇವೆಗೂ ಅದೇ ಅನ್ವಯಿಸಬೇಕು ಎಂದು ನೀವು ವಾದಿಸಬೇಕಾಗುತ್ತದೆ. ಝೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಒಬ್ಬರೇ ನಡೆಸುವ ಟ್ಯಾಕ್ಸ್ ಆಫೀಸಿನವರು ದೂರಿನ ಮೊದಲ ಪ್ಯಾರಾದಲ್ಲೇ ಇದನ್ನು ಸ್ಪಷ್ಟವಾಗಿ ಬರೆಯಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಜೊತೆಗೆ ಲಗತ್ತಿಸಬೇಕಾದ್ದು: ನಿಲುಗಡೆಯ ನೋಟಿಸ್, ಕಟ್ಟಿದ ಹಣದ ರಸೀದಿ, ಸೀರಿಯಲ್ ನಂಬರಿರುವ ಉಪಕರಣದ ರಸೀದಿ, ಡಾಕೆಟ್ ನಂಬರ್, ಮೇಲ್ಮನವಿಗೆ ಬಂದ ಉತ್ತರ. ಕಂಪನಿ ಲಿಮಿಟೆಡ್ ಆಗಿರುವ ವಸಂತನರಸಾಪುರದಂಥ ಕಡೆಯ ದೊಡ್ಡ ಘಟಕಗಳಿಗೆ ಈ ವಿನಾಯಿತಿ ಸಿಗುವುದು ಕಷ್ಟ. ಅವರು ಒಪ್ಪಂದದ ಪ್ರತಿ ತೆಗೆದು, ಅದರಲ್ಲಿರುವ ನೋಟಿಸ್ ಅವಧಿ ಮತ್ತು ಮಧ್ಯಸ್ಥಿಕೆಯ ಕಲಮನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯಬೇಕು.